ರಾತ್ರಿ ಊಟ ಬಿಟ್ಟ ತಂಗಿಗೆ

ಆಳಂದ ತಾಲ್ಲೂಕಿನ ಹಳ್ಳಿಯೊಂದರಿಂದ ಬಂದ ಪತ್ರ. ನಿನ್ನೆಯಿಂದ ಮೂರು ಸಲ ಓದಿದೆ. ಬರೆದವಳದು ಚೊಚ್ಚಲ ಬಸಿರು, ಏಳನೇ ತಿಂಗಳು. ಗಂಡ ಸೊಲ್ಲಾಪುರದಲ್ಲಿ ಕೆಲಸಕ್ಕಿದ್ದಾನೆ. 75 ಗ್ರಾಂ ಗ್ಲೂಕೋಸ್ ಕುಡಿಸಿ, ಎರಡು ತಾಸು ಬಿಟ್ಟು ರಕ್ತ ತೆಗೆದರೆ ಸಕ್ಕರೆ 172 ಬಂದಿದೆ. 140 ಮುಟ್ಟಿದರೇ ಬಸಿರಿನ ಸಕ್ಕರೆ ಕಾಯಿಲೆ ಎಂದು ಲೆಕ್ಕ. ಎರಡು ವಾರದ ಪಥ್ಯಕ್ಕೂ ಬಗ್ಗಲಿಲ್ಲ, ಡಾಕ್ಟರು ಇನ್ಸುಲಿನ್ ಬರೆದುಕೊಟ್ಟರು. ಆ ಬಾಟಲಿ ಎಂಟು ದಿನದಿಂದ ಫ್ರಿಜ್ಜಿನಲ್ಲಿ ಮೊಸರಿನ ಡಬ್ಬಿಯ ಹಿಂದೆ ಕೂತಿದೆ. "ಸೂಜಿ ಮದ್ದು ಕೂಸಿಗೆ ತಾಕಿದರೆ? ಅತ್ತೆಗೆ ಹೇಳದೆ ತಗೊಳ್ಳಲೋ, ಬಿಡಲೋ?" ಎಂದು ಕೇಳಿದ್ದಾಳೆ.

ತಂಗೀ, ಅದಕ್ಕೆ ಆಮೇಲೆ ಬರುತ್ತೇನೆ. ಪತ್ರದ ಕೊನೆಗೆ, ಹೆಸರಿನ ಮೇಲಿನ ಸಾಲಿನಲ್ಲಿ, "ಅವ್ವ ಹೇಳಿದಂಗ ರಾತ್ರಿ ಊಟ ಬಿಟ್ಟೀನಿ, ಅದರಿಂದೇನೂ ತ್ರಾಸಿಲ್ಲ" ಎಂದು ಬರೆದಿದ್ದೀ. ನನ್ನ ನಿದ್ದೆ ಕೆಡಿಸಿದ್ದು ಆ ಸಾಲು.

ನಿನ್ನ ರಕ್ತದಲ್ಲಿ ಸಕ್ಕರೆ ಏರಿದರೆ ಅದು ಮಾಸು ದಾಟಿ ಕೂಸಿಗೂ ಹೆಚ್ಚೇ ಹೋಗುತ್ತದೆ. ಇನ್ಸುಲಿನ್ ಹಾಗೆ ದಾಟುವುದಿಲ್ಲ. ಅದಕ್ಕೇ ನೀನು ಹೆದರಿದ ಸೂಜಿ ಕೂಸಿಗೆ ತಾಕದು, ನೀನು ಹಗುರಾಗಿ ತೆಗೆದುಕೊಂಡ ಸಕ್ಕರೆ ತಾಕುತ್ತದೆ. ಬಂದ ಸಕ್ಕರೆಯನ್ನು ಅರಗಿಸಲು ಕೂಸು ತನ್ನದೇ ಇನ್ಸುಲಿನ್ ಮಾಡಿಕೊಳ್ಳುತ್ತದೆ, ಮಿಕ್ಕಿದ್ದು ಕೊಬ್ಬಾಗಿ ಭುಜಕ್ಕೆ, ಹೊಟ್ಟೆಗೆ ಸೇರುತ್ತದೆ. ಹೆರಿಗೆ ಕಷ್ಟವಾಗುತ್ತದೆ. ಹೊಕ್ಕಳಬಳ್ಳಿ ಕತ್ತರಿಸಿದೊಡನೆ ನಿನ್ನಿಂದ ಬರುವ ಸಕ್ಕರೆ ನಿಲ್ಲುತ್ತದೆ, ಅದರ ಮೈಯಲ್ಲಿ ಇನ್ಸುಲಿನ್ ಮಾತ್ರ ಉಳಿದಿರುತ್ತದೆ. ಆಗ ಎಳೆಗೂಸಿನ ಸಕ್ಕರೆ ಇಳಿದುಬಿಡಬಹುದು. ಹುಟ್ಟಿದ ಕೂಡಲೇ ಹಾಲು ಕುಡಿಸಿ, ಹಿಮ್ಮಡಿ ಚುಚ್ಚಿ ನೋಡುವುದು ಇದಕ್ಕಾಗಿ. ಹೀಗೆ ಬೆಳೆಯುವ ಕೂಸಿಗೆ ಕಬ್ಬಿಣಾಂಶವೂ ಹೆಚ್ಚು ಬೇಕು. ಆ ಗುಳಿಗೆಯನ್ನಾದರೂ ಬಿಡದೆ ನುಂಗುತ್ತಿದ್ದೀಯೇನವ್ವ? ಚಹಾದ ಜೊತೆ ಮಾತ್ರ ಬೇಡ.

ಹಾಗೆಂದು ಉಪವಾಸ ಮದ್ದಲ್ಲ. ರಾತ್ರಿಯೆಲ್ಲ ಹೊಟ್ಟೆ ಖಾಲಿ ಬಿಟ್ಟರೆ ಮೈ ತನ್ನ ಕೊಬ್ಬನ್ನು ಕರಗಿಸಿ ಕೀಟೋನ್ ಎಂಬ ಆಮ್ಲ ಮಾಡುತ್ತದೆ, ಅದೂ ಮಾಸು ದಾಟುತ್ತದೆ. ಬೇಳೆಕಾಳಿನಿಂದ ಕೂಸಿಗೆ ಹೋಗಬೇಕಾದ್ದು ಹೋಗುವುದಿಲ್ಲ.

ನಿನ್ನ ಪತ್ರದಲ್ಲಿ ಕೆಟ್ಟವಳು ಅತ್ತೆ. ನನಗೆ ಸಿಟ್ಟಿರುವುದು ನಿನ್ನ ಹಡೆದವ್ವನ ಮೇಲೆ. ತನಗೆ ಸಕ್ಕರೆ ಇದೆಯೆಂದು ರಾತ್ರಿ ಊಟ ಬಿಟ್ಟವರು, ಅದೇ ಮದ್ದನ್ನು ಬಸುರಿ ಮಗಳಿಗೆ ಫೋನಿನಲ್ಲಿ ಹೇಳಿದರಲ್ಲ! ಅತ್ತೆ "ಎರಡು ಜೀವ ಅದಾವ, ಉಣ್ಣು" ಎಂದು ಹೋಳಿಗೆ ಬಡಿಸುವುದು ತಪ್ಪು. ಜೋಳದ ರೊಟ್ಟಿ ಎಷ್ಟು ತಿಂದರೂ ಸಕ್ಕರೆ ಏರದು ಎನ್ನುವುದೂ ತಪ್ಪು, ರೊಟ್ಟಿಗೂ ಲೆಕ್ಕ ಬೇಕು. ಆದರೆ ದಿನಾ ರಾತ್ರಿ ನಿನ್ನ ತಾಟು ಮುಚ್ಚಿಟ್ಟು ಮಲಗುವವರು ಅವರೇ ಎಂದು ನೀನೇ ಬರೆದಿದ್ದೀ. ಬೆಳಗಾದರೆ ನೀನು ಆ ರೊಟ್ಟಿಯನ್ನು ಎಮ್ಮೆಗೆ ಹಾಕುತ್ತೀ.

ಬಸುರಿಯ ಮದ್ದು ಅಡುಗೆಮನೆಗೆ ಗೊತ್ತಿರಬೇಕು ಎಂದು ಈ ಅಂಕಣದಲ್ಲಿ ಎಷ್ಟು ಸಲ ಬರೆದಿದ್ದೇನೋ. ಇನ್ಸುಲಿನ್ ತಗೊಂಡವಳಿಗೆ ಒಮ್ಮೆ ಸಕ್ಕರೆ ತೀರಾ ಇಳಿದು, ಬೆವತು ಕೈ ನಡುಗಿದರೆ, ಏನಾಗಿದೆಯೆಂದು ತಿಳಿದವರೊಬ್ಬರು ಮನೆಯಲ್ಲಿರಬೇಕು. ಗಂಡ ವಾರಕ್ಕೊಮ್ಮೆ ಬರುವ ಮನೆಯಲ್ಲಿ ಅದು ಅತ್ತೆಯೇ.

ಇವತ್ತು ರಾತ್ರಿ ಉಣ್ಣು. ಅತ್ತೆ ಮಲಗುವ ಮುಂಚೆ, ಅವರ ಎದುರೇ ಕೂತು, ರೊಟ್ಟಿ, ತೊಗರಿ ಬೇಳೆ, ಪುಂಡಿಪಲ್ಯ ಉಣ್ಣು. ಕೈ ತೊಳೆದ ಮೇಲೆ ಮೊಸರಿನ ಡಬ್ಬಿ ಸರಿಸಿ ಬಾಟಲಿ ತೋರಿಸು. ಬೆಳಿಗ್ಗೆ ಇಬ್ಬರೂ ಡಾಕ್ಟರ ಹತ್ತಿರ ಹೋಗಿ, ಊಟ ಬಿಟ್ಟದ್ದನ್ನೂ ಸೂಜಿ ಹಾಕಿಕೊಳ್ಳದ್ದನ್ನೂ ಮುಚ್ಚದೆ ಹೇಳಿ. ಎಷ್ಟು ಹಾಕಬೇಕು, ಯಾವಾಗ ಹಾಕಬೇಕು ಎಂಬುದನ್ನು ಅವರು ನಿನ್ನ ಊಟ ನೋಡಿ ಹೇಳುತ್ತಾರೆ. ಅಲ್ಲಿಯತನಕ ಖಾಲಿ ಹೊಟ್ಟೆಯಲ್ಲಿ ನೀನಾಗಿ ಸೂಜಿ ಚುಚ್ಚಿಕೊಳ್ಳಬೇಡ.