ವೇದಿಕೆ ಮೇಲೆ ಕೊಟ್ಟ ಮಾತಿಗೆ ಲೆಕ್ಕ ಯಾರನ್ನು ಕೇಳೋದು?

ಈ ವಾರ ಉತ್ತರಿಸಿದವರು ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳಲ್ಲಿ ಲೆಕ್ಕಪರಿಶೋಧನೆಯ ಕೆಲಸ ಮಾಡಿ ನಿವೃತ್ತರಾದ ಅಧಿಕಾರಿ. ಈಗ ಹಳ್ಳಿಯವರಿಗೆ ಮಾಹಿತಿ ಹಕ್ಕು ಅರ್ಜಿ ಬರೆಯಲು ನೆರವಾಗುತ್ತಾರೆ.

ಪ್ರಶ್ನೆ: ನಮಸ್ಕಾರ ಸಾರ್. ನಾನು ಶಿಡ್ಲಘಟ್ಟ ತಾಲ್ಲೂಕಿನ ರೈತ. ಎರಡು ಎಕರೆ ಹಿಪ್ಪುನೇರಳೆ ಇದೆ, ರೇಷ್ಮೆ ಹುಳ ಸಾಕ್ತೀವಿ. ಮೂರು ಬೋರು ಕೊರೆಸಿದೆ. ಕೊನೆಯದು 1,300 ಅಡಿ, ಅದೂ ಬತ್ತಿತು. ನಮ್ಮ ಬಯಲುಸೀಮೆಗೆ ನೀರು ತರೋ ಎತ್ತಿನಹೊಳೆ ಯೋಜನೆಗೆ ಶಂಕುಸ್ಥಾಪನೆ ಆದಾಗ ನನ್ನ ಮಗ ಎರಡನೇ ಕ್ಲಾಸು. ಈಗ ಡಿಗ್ರಿಗೆ ಸೇರಿದ್ದಾನೆ. ನೀರು ಬರಲಿಲ್ಲ. ಯಾವ ಪಕ್ಷದವರು ಬಂದರೂ ‘ಇನ್ನು ಎರಡು ವರ್ಷ’ ಅಂತಾರೆ. ನಾವು ಹತ್ತು ಸಾವಿರ ಸಾಲ ತಗೊಂಡರೂ ಪ್ರೋನೋಟು ಬರೆಸ್ಕೊತಾರೆ. ಸುಳ್ಳು ಹೇಳಿ ಓಟು ತಗೊಂಡವರ ಮೇಲೆ ಕೇಸು ಹಾಕಕ್ಕಾಗಲ್ವಾ?

ಉತ್ತರ: ನಿಮ್ಮ ಪತ್ರ ಓದುತ್ತಾ ಪ್ರೋನೋಟಿನ ಮಾತು ಬಂದ ಕಡೆ ಸ್ವಲ್ಪ ಹೊತ್ತು ನಿಂತುಬಿಟ್ಟೆ. ನಾನು ಇಷ್ಟು ವರ್ಷ ಹೇಳಬೇಕು ಅಂದುಕೊಂಡಿದ್ದನ್ನು ನೀವು ಒಂದೇ ಸಾಲಿನಲ್ಲಿ ಹೇಳಿದ್ದೀರಿ.

ಮೊದಲು ಕಹಿ ಉತ್ತರ. ಭರವಸೆ ಕೊಟ್ಟು ಈಡೇರಿಸಲಿಲ್ಲ ಎಂಬ ಕಾರಣಕ್ಕೆ ಕೇಸು ಹಾಕಲು ಆಗುವುದಿಲ್ಲ. ತಮಿಳುನಾಡಿನಲ್ಲಿ ಬಣ್ಣದ ಟಿವಿ ಕೊಡುತ್ತೇವೆ ಎಂದು ಪಕ್ಷಗಳು ಹೇಳಿದ್ದವಲ್ಲ, ಆ ಪ್ರಕರಣದಲ್ಲಿ 2013ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಪ್ರಣಾಳಿಕೆಯ ಭರವಸೆಯನ್ನು 1951ರ ಪ್ರಜಾಪ್ರತಿನಿಧಿ ಕಾಯ್ದೆಯ 123ನೇ ಸೆಕ್ಷನ್ ಪ್ರಕಾರ ‘ಭ್ರಷ್ಟ ಆಚರಣೆ’ ಎನ್ನಲು ಆಗದು ಎಂದು ಅದು ಹೇಳಿತು. ವೇದಿಕೆ ಮೇಲಿನ ಮಾತಿನ ಕತೆಯೂ ಅಷ್ಟೇ. ಗೆದ್ದವರನ್ನು ನಡುವೆ ವಾಪಸ್ ಕರೆಸುವ ಹಕ್ಕು ಶಾಸಕ, ಸಂಸದರ ವಿಷಯದಲ್ಲಿ ನಮಗೆ ಇಲ್ಲ.

ಹಾಗಾದರೆ ಸುಮ್ನೆ ಕೂರಬೇಕಾ? ಇಲ್ಲ. ಬಾಯಿಮಾತನ್ನು ಹಿಡಿಯಲು ಕಾನೂನಿಗೆ ಆಗುವುದಿಲ್ಲ. ಆದರೆ ಕಾಗದವನ್ನು ಹಿಡಿಯಲು ಆಗುತ್ತದೆ. ಸರ್ಕಾರ ಒಂದು ರೂಪಾಯಿ ಖರ್ಚು ಮಾಡಿದರೂ ಎಲ್ಲೋ ಒಂದು ಕಡೆ ಒಬ್ಬರು ಸಹಿ ಹಾಕಿರಲೇಬೇಕು. ನೀವು ಕೇಳುವ ಪ್ರೋನೋಟು ಅದೇ. ಅದು ನಮ್ಮ ಕೈಗೆ ಯಾರೂ ತಂದುಕೊಡುವುದಿಲ್ಲ, ಹೋಗಿ ತರಬೇಕು.

ಎತ್ತಿನಹೊಳೆಯನ್ನೇ ನೋಡಿ. 2012ರಲ್ಲಿ ಅಂದಾಜು ವೆಚ್ಚ 8,323 ಕೋಟಿ ಇತ್ತು. 2014ರ ಮಾರ್ಚ್‌ನಲ್ಲಿ ಚಿಕ್ಕಬಳ್ಳಾಪುರದಲ್ಲಿ ಶಂಕುಸ್ಥಾಪನೆ ಆಗುವ ಹೊತ್ತಿಗೆ ಅದು 12,912 ಕೋಟಿ ಆಗಿತ್ತು. ಆಮೇಲೆ 23,251 ಕೋಟಿಗೆ ಏರಿತು. ಸಕಲೇಶಪುರದ ಕಡೆ ನೀರೆತ್ತುವ ಮೊದಲ ಹಂತದ ಉದ್ಘಾಟನೆ 2024ರ ಸೆಪ್ಟೆಂಬರ್‌ನಲ್ಲಿ ನಡೆಯಿತು. ಈ ನಡುವೆ ಮೂರೂ ಪಕ್ಷಗಳು ಅಧಿಕಾರ ನಡೆಸಿವೆ. ಆದ್ದರಿಂದ ‘ಅವರು ಸುಳ್ಳರು, ಇವರು ಸತ್ಯವಂತರು’ ಎಂಬ ಜಗಳದಲ್ಲಿ ನಮಗೆ ಹನಿ ನೀರೂ ಸಿಗುವುದಿಲ್ಲ.

ನನಗೆ ತುಂಬಾ ನೋವು ಕೊಡುವ ವಿಷಯ ಇನ್ನೊಂದಿದೆ. ಯೋಜನೆಯ ಲೆಕ್ಕದಲ್ಲಿ ಇರುವುದು 24 ಟಿಎಂಸಿ ನೀರು (ಒಂದು ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ). ಅಲ್ಲಿ ಸಿಗುವುದೇ ಸುಮಾರು 9.5 ಟಿಎಂಸಿ ಎಂದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಅಧ್ಯಯನವೊಂದು ಹೇಳಿತ್ತು. ಸರ್ಕಾರ ಅದನ್ನು ಒಪ್ಪದೇ ಇರಬಹುದು. ಆದರೆ ನಮ್ಮ ಹಳ್ಳಿಗೆ ಬಂದು ಓಟು ಕೇಳುವವರು ಈ ಎರಡೂ ಅಂಕಿಗಳನ್ನು ಮುಂದಿಟ್ಟು ‘ನಾವು ಇದನ್ನು ನಂಬುತ್ತೇವೆ, ಕಾರಣ ಇದು’ ಎಂದು ಹೇಳಬೇಕಿತ್ತು. ಒಂದು ವೇದಿಕೆಯಲ್ಲೂ ನಾನು ಆ ಮಾತು ಕೇಳಿಲ್ಲ. ಮೂಗಿಗೆ ತುಪ್ಪ ಸವರಿ ಹೋದರು, ಅಷ್ಟೇ.

ಈಗ ನೀವು ಏನು ಮಾಡಬಹುದು? ಈ ಯೋಜನೆ ನಡೆಸುತ್ತಿರುವುದು ವಿಶ್ವೇಶ್ವರಯ್ಯ ಜಲ ನಿಗಮ. ಮಾಹಿತಿ ಹಕ್ಕು ಅರ್ಜಿ ಹೋಗಬೇಕಾದದ್ದು ಅಲ್ಲಿಗೆ. ‘ನೀರು ಯಾವಾಗ ಬರುತ್ತದೆ?’ ಎಂದು ಕೇಳಬೇಡಿ. ‘ಶೀಘ್ರದಲ್ಲೇ’ ಎಂದು ಬರೆದು ಕಳಿಸುತ್ತಾರೆ. ಹೀಗೆ ಕೇಳಿ: ‘ಶಿಡ್ಲಘಟ್ಟ ತಾಲ್ಲೂಕಿನ ಯಾವ ಯಾವ ಕೆರೆಗಳು ಈ ಯೋಜನೆಯಲ್ಲಿವೆ? ಆ ಪಟ್ಟಿ, ಪ್ರತಿ ಕೆರೆಗೂ ನಿಗದಿ ಮಾಡಿದ ನೀರಿನ ಪ್ರಮಾಣ, ಆ ಭಾಗದ ಪೈಪ್‌ಲೈನ್ ಕಾಮಗಾರಿಯ ಕಾರ್ಯಾದೇಶದ ನಕಲು, ಕಾರ್ಯಾದೇಶದಲ್ಲಿರುವ ಮುಕ್ತಾಯದ ದಿನಾಂಕ, ಗಡುವು ವಿಸ್ತರಿಸಿದ್ದರೆ ಆ ಆದೇಶದ ನಕಲು ಕೊಡಿ.’ ಇದಕ್ಕೆ ಬರುವ ಉತ್ತರದಲ್ಲಿ ದಿನಾಂಕ ಇರುತ್ತದೆ, ಸಹಿ ಇರುತ್ತದೆ. ಗಡುವು ಎಷ್ಟು ಸಲ ಮುಂದೆ ಹೋಯಿತು, ಪ್ರತಿ ಸಲವೂ ಯಾರು ಒಪ್ಪಿದರು ಎಂಬುದೂ ಗೊತ್ತಾಗುತ್ತದೆ.

ಅರ್ಜಿ ಶುಲ್ಕ 10 ರೂಪಾಯಿ. ಬಿಪಿಎಲ್ ಕಾರ್ಡ್ ಇದ್ದವರಿಗೆ ಅದೂ ಇಲ್ಲ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಯಲ್ಲಿ ಒಂದೇ ವಿಷಯ ಇರಬೇಕು, 150 ಪದ ದಾಟಬಾರದು. ಎಷ್ಟೋ ಜನ ನಾಲ್ಕು ಪುಟ ಸಿಟ್ಟು ಬರೆದು ಕಳಿಸುತ್ತಾರೆ. ಅದೊಂದೇ ನೆಪ ಸಾಕು, ಅರ್ಜಿ ವಾಪಸ್ ಬರುತ್ತದೆ. ಸಿಟ್ಟು ನ್ಯಾಯವಾದದ್ದೇ. ಅದನ್ನು ಅರ್ಜಿಯಲ್ಲಿ ಹಾಕಬೇಡಿ.

ಉತ್ತರ ಕೈಗೆ ಬಂದ ಮೇಲೆ ಅದನ್ನು ಬೀರುವಿನಲ್ಲಿ ಇಡಬೇಡಿ. ನಿಮ್ಮ ಶಾಸಕರ ಹತ್ತಿರ ನಾಲ್ಕು ಜನ ಹೋಗಿ. ಇದನ್ನು ವಿಧಾನಸಭೆಯಲ್ಲಿ ಪ್ರಶ್ನೆಯಾಗಿ ಕೇಳಿ ಎಂದು ಬರವಣಿಗೆಯಲ್ಲಿ ಮನವಿ ಕೊಡಿ, ಸ್ವೀಕೃತಿ ತೆಗೆದುಕೊಳ್ಳಿ. ಇದರಲ್ಲಿ ತುಂಬಾ ಜನರಿಗೆ ಗೊತ್ತಿಲ್ಲದ ಒಂದು ಗುಟ್ಟಿದೆ. ಮಂತ್ರಿ ಚಿಂತಾಮಣಿ ಸರ್ಕಲ್‌ನಲ್ಲಿ ನಿಂತು ‘ಮಾಡಿಸ್ತೀನಿ’ ಅಂದರೆ ಅದು ಗಾಳಿಗೆ ಹೋಯಿತು. ಅದೇ ಮಂತ್ರಿ ಸದನದಲ್ಲಿ ‘ಮಾಡುತ್ತೇವೆ’ ಅಂದರೆ ಅದು ದಾಖಲೆ. ಅಂಥ ಮಾತುಗಳ ಬೆನ್ನು ಹತ್ತಲು ವಿಧಾನಮಂಡಲದಲ್ಲಿ ಸರ್ಕಾರಿ ಭರವಸೆಗಳ ಸಮಿತಿ ಎಂಬುದೇ ಇದೆ. ಮಾತು ಒಂದೇ, ಆಡಿದ ಜಾಗ ಬೇರೆ. ಆದ್ದರಿಂದ ಅವರ ಮಾತನ್ನು ಸದನಕ್ಕೆ ಎಳೆಯುವುದು ನಮ್ಮ ಕೆಲಸ. ಶಾಸಕರು ಕೇಳದಿದ್ದರೆ ನಿಮ್ಮ ಮನವಿಯ ಸ್ವೀಕೃತಿಯೇ ಮುಂದಿನ ಚುನಾವಣೆಯಲ್ಲಿ ಊರಿನ ಅರಳಿಕಟ್ಟೆಯಲ್ಲಿ ತೋರಿಸುವ ಕಾಗದ.

ಇನ್ನೊಂದು ಮಾತು ಹೇಳದಿದ್ದರೆ ನನಗೆ ಸಮಾಧಾನವಿಲ್ಲ. ನಮ್ಮ ಜಿಲ್ಲಾ ಪಂಚಾಯಿತಿ, ತಾಲ್ಲೂಕು ಪಂಚಾಯಿತಿಗಳಿಗೆ 2016ರಲ್ಲಿ ಚುನಾವಣೆ ಆಯಿತು. 2021ರಲ್ಲಿ ಅವಧಿ ಮುಗಿಯಿತು. ಐದು ವರ್ಷ ಮುಗಿಯುವ ಮೊದಲೇ ಚುನಾವಣೆ ಮಾಡಬೇಕು ಎಂದು ಸಂವಿಧಾನದ 243ಇ ವಿಧಿ ಹೇಳುತ್ತದೆ. ಆದರೂ ಕ್ಷೇತ್ರ ವಿಂಗಡಣೆ, ಮೀಸಲಾತಿ ಎನ್ನುತ್ತಾ ವರ್ಷಗಳನ್ನೇ ಕಳೆದರು. ಮೊದಲು ನಲ್ಲಿ ಕೆಟ್ಟರೆ ಹೋಗಿ ಬೈಯಲು ನಮ್ಮ ಹೋಬಳಿಯ ಒಬ್ಬ ಸದಸ್ಯರಾದರೂ ಇರುತ್ತಿದ್ದರು. ಅವರು ಹೋದ ಮೇಲೆ ಆಡಳಿತಾಧಿಕಾರಿ ಬಂದರು. ಆಡಳಿತಾಧಿಕಾರಿ ನಮ್ಮ ಓಟಿಗೆ ಹೆದರಬೇಕಾಗಿಲ್ಲ. ಹೊಣೆ ಕೇಳುವ ಒಂದು ಮೆಟ್ಟಿಲನ್ನೇ ಕಿತ್ತುಹಾಕಿದ್ದರು ನೋಡಿ. ಇದರ ಬಗ್ಗೆ ನಮ್ಮ ಊರುಗಳಲ್ಲಿ ಒಂದು ದೊಡ್ಡ ಪ್ರತಿಭಟನೆಯೂ ಆಗಲಿಲ್ಲ ಎಂಬುದು ನನ್ನನ್ನು ಇವತ್ತಿಗೂ ಕಾಡುತ್ತದೆ.

ಪ್ರಶ್ನೆ: ನಾನು ಬಾಗೇಪಲ್ಲಿ ಕಡೆಯ ಹಳ್ಳಿಯವಳು, ವಯಸ್ಸು 24. ನಮ್ಮೂರ ರಸ್ತೆಗೆ ಎರಡು ಸಲ ಗುದ್ದಲಿ ಪೂಜೆ ಆಯಿತು. ರಸ್ತೆ ಮಾತ್ರ ಆಗಿಲ್ಲ. ಬಿಲ್ ಎತ್ತಿದ್ದಾರೆ ಅಂತ ಎಲ್ಲರೂ ಹೇಳ್ತಾರೆ. ನಾನು ಮಾಹಿತಿ ಹಕ್ಕಿನಲ್ಲಿ ಕೇಳಿದೆ. ಅರ್ಜಿ ಕೊಟ್ಟು ಇವತ್ತಿಗೆ 44 ದಿನ, ಉತ್ತರ ಇಲ್ಲ. ಆದರೆ ಊರಿನ ಮುಖಂಡರೊಬ್ಬರು ಮನೆಗೆ ಬಂದು ಅಪ್ಪನಿಗೆ ‘ಮಗಳಿಗೆ ಬುದ್ಧಿ ಹೇಳಿ’ ಅಂದು ಹೋದರು. ಅಮ್ಮ ಹೆದರಿದ್ದಾರೆ. ಬಿಟ್ಟುಬಿಡಲಾ?

ಉತ್ತರ: ಅಮ್ಮನ ಹೆದರಿಕೆಯನ್ನು ಹಗುರವಾಗಿ ತೆಗೆದುಕೊಳ್ಳಬೇಡಮ್ಮ. ಮಾಹಿತಿ ಕೇಳಿದವರ ಮೇಲೆ ಹಲ್ಲೆ, ಕೊಲೆ ನಮ್ಮ ರಾಜ್ಯದಲ್ಲೂ ಆಗಿವೆ. ಧೈರ್ಯ ಮಾಡು ಎಂದು ದೂರದಲ್ಲಿ ಕೂತು ಹೇಳುವುದು ನನಗೆ ಸುಲಭ. ಆದ್ದರಿಂದ ಧೈರ್ಯದ ಮಾತು ಬೇಡ, ದಾರಿ ಹೇಳುತ್ತೇನೆ.

ಒಬ್ಬಳೇ ಇರಬೇಡ. ಅದೇ ಮಾಹಿತಿಯನ್ನು ಊರಿನ ಐದಾರು ಜನ ಬೇರೆ ಬೇರೆಯಾಗಿ ಕೇಳಲಿ. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ನಿಮ್ಮೂರ ಹುಡುಗರು ಇರುತ್ತಾರಲ್ಲ, ಅವರು ಆನ್‌ಲೈನ್‌ನಲ್ಲಿ ಹಾಕಲಿ. ಆಗ ನಿನ್ನೊಬ್ಬಳ ಬಾಯಿ ಮುಚ್ಚಿಸಿ ಪ್ರಯೋಜನವಿಲ್ಲ ಎಂದು ಅವರಿಗೇ ಗೊತ್ತಾಗುತ್ತದೆ. ‘ಯಾಕೆ ಬೇಕು ಈ ಮಾಹಿತಿ?’ ಎಂದು ಕೇಳುವ ಹಕ್ಕು ಅಧಿಕಾರಿಗೂ ಇಲ್ಲ, ಮಾಹಿತಿ ಹಕ್ಕು ಕಾಯ್ದೆಯ 6ನೇ ಸೆಕ್ಷನ್‌ನಲ್ಲೇ ಅದು ಇದೆ. ಮುಖಂಡರು ಮನೆಗೆ ಬಂದ ದಿನ, ಹೊತ್ತು, ಆಡಿದ ಮಾತು ಎಲ್ಲವನ್ನೂ ಇವತ್ತೇ ಒಂದು ನೋಟ್‌ಬುಕ್‌ನಲ್ಲಿ ಬರೆದಿಡು. ಇನ್ನೊಂದು ಸಲ ಬಂದರೆ ಠಾಣೆಗೆ ಲಿಖಿತ ದೂರು ಕೊಡು, ಸ್ವೀಕೃತಿ ಇಲ್ಲದೆ ವಾಪಸ್ ಬರಬೇಡ.

ನೀನು ಕೇಳಿದ್ದು ಏನು ಎಂದು ಪತ್ರದಲ್ಲಿ ಬರೆದಿಲ್ಲ. ರಸ್ತೆ ಕೆಲಸದಲ್ಲಿ ಕೇಳಬೇಕಾದ್ದು ಅಂದಾಜು ಪಟ್ಟಿ, ಕಾರ್ಯಾದೇಶ, ಬಿಲ್ ಮತ್ತು ಮುಖ್ಯವಾಗಿ ಅಳತೆ ಪುಸ್ತಕ. ಕಚೇರಿಗಳಲ್ಲಿ ಅದನ್ನು ಎಂ.ಬಿ. ಅಂತಾರೆ. ಎಷ್ಟು ಉದ್ದ, ಎಷ್ಟು ಅಗಲ, ಎಷ್ಟು ದಪ್ಪ ಕೆಲಸ ಆಗಿದೆ ಎಂದು ಎಂಜಿನಿಯರ್ ಸ್ಥಳಕ್ಕೆ ಹೋಗಿ ಅಳೆದು ಬರೆಯುವ ಪುಸ್ತಕ ಅದು. ಎಂ.ಬಿ. ಇಲ್ಲದೆ ಬಿಲ್ ಆಗುವುದಿಲ್ಲ. ಆಗದ ರಸ್ತೆಗೆ ಬಿಲ್ ಆಗಿದ್ದರೆ ಎಂ.ಬಿ.ಯಲ್ಲಿ ಯಾರೋ ಸುಳ್ಳು ಬರೆದು ಸಹಿ ಹಾಕಿದ್ದಾರೆ ಎಂದೇ ಅರ್ಥ. ಅದು ಅಪರಾಧ.

ನಾನು ಕೆಲಸದಲ್ಲಿದ್ದಾಗ ಕೋಲಾರ ಜಿಲ್ಲೆಯ ಒಂದು ಹಳ್ಳಿಯಲ್ಲಿ ಚೆಕ್ ಡ್ಯಾಂ ಒಂದರ ಎಂ.ಬಿ. ನೋಡುತ್ತಿದ್ದೆ. ಲೆಕ್ಕ ಅಚ್ಚುಕಟ್ಟಾಗಿತ್ತು. ತಪ್ಪು ಹಿಡಿಯಲು ಏನೂ ಇರಲಿಲ್ಲ. ಆವತ್ತು ಗ್ರಾಮಸಭೆ ಇತ್ತು. ಸ್ತ್ರೀಶಕ್ತಿ ಸಂಘದ ಒಬ್ಬ ಹೆಂಗಸು ಎದ್ದು ನಿಂತು ‘ಸಾರ್, ಆ ಪುಸ್ತಕ ಜೋರಾಗಿ ಓದಿ’ ಅಂದರು. ಓದಿದೆ. ಹಳ್ಳದ ಹೆಸರು, ಸರ್ವೆ ನಂಬರು, ಅಳತೆ ಎಲ್ಲ ಓದಿದೆ. ಸಭೆ ಸುಮ್ಮನಾಯಿತು. ಆಮೇಲೆ ಒಬ್ಬ ಅಜ್ಜ ಹೇಳಿದರು, ‘ಅದು ನಮ್ಮ ಹೊಲ ಸ್ವಾಮಿ. ಅಲ್ಲಿ ರಾಗಿ ಐತೆ.’ ಕಚೇರಿಯಲ್ಲಿ ಕೂತು ನನಗೆ ವಾರಗಟ್ಟಲೆ ಸಿಗದೇ ಇದ್ದದ್ದು ಅಲ್ಲಿ ಐದು ನಿಮಿಷದಲ್ಲಿ ಸಿಕ್ಕಿತು. ಅವತ್ತಿನಿಂದ ಎಲ್ಲರಿಗೂ ಹೇಳುತ್ತೇನೆ, ಎಂ.ಬಿ.ಯನ್ನು ಗ್ರಾಮಸಭೆಯಲ್ಲಿ ಓದಿಸಿ ಎಂದು. ಆರು ತಿಂಗಳಿಗೊಮ್ಮೆಯಾದರೂ ಗ್ರಾಮಸಭೆ ನಡೆಯಲೇಬೇಕು. ಕೋರಂಗೆ ಸಹಿ ಹಾಕಿಸಿಕೊಂಡು ಮುಗಿಸುವ ಸಭೆ ಆಗದ ಹಾಗೆ ನೋಡಿಕೊಳ್ಳುವುದು ನಿಮ್ಮ ಕೈಯಲ್ಲಿದೆ.

ರಸ್ತೆ ಶಾಸಕರ ನಿಧಿಯದ್ದಾದರೆ ದಾಖಲೆ ಜಿಲ್ಲಾಧಿಕಾರಿ ಕಚೇರಿಯಲ್ಲಿ ಇರುತ್ತದೆ. ಶಾಸಕರಿಗೆ ಸ್ಥಳೀಯ ಪ್ರದೇಶಾಭಿವೃದ್ಧಿಗೆ ವರ್ಷಕ್ಕೆ 2 ಕೋಟಿ, ಸಂಸದರಿಗೆ 5 ಕೋಟಿ. ಮಾಹಿತಿ ಹಕ್ಕು ಕಾಯ್ದೆಯ ಪ್ರಕಾರ ಕಾಮಗಾರಿಯನ್ನು ಕಣ್ಣಾರೆ ಪರಿಶೀಲಿಸಲು, ಬಳಸಿದ ಜಲ್ಲಿ, ಡಾಂಬರಿನ ಮಾದರಿ ಪಡೆಯಲು ಕೂಡ ನಿನಗೆ ಹಕ್ಕಿದೆ.

ಸುಳ್ಳು ಬಿಲ್ ಎಂದು ಕಾಗದದಲ್ಲೇ ಗೊತ್ತಾದರೆ ಲೋಕಾಯುಕ್ತಕ್ಕೆ ಹೋಗು. ಅಧಿಕಾರಿಗಳಷ್ಟೇ ಅಲ್ಲ, ಶಾಸಕರು, ಮಂತ್ರಿಗಳು, ಮುಖ್ಯಮಂತ್ರಿ ಕೂಡ ಅದರ ವ್ಯಾಪ್ತಿಗೆ ಬರುತ್ತಾರೆ. ನಡುವೆ 2016ರಲ್ಲಿ ಭ್ರಷ್ಟಾಚಾರ ನಿಗ್ರಹ ದಳ ಎಂದು ಬೇರೆ ಮಾಡಿ ಲೋಕಾಯುಕ್ತದ ಹಲ್ಲು ಕಿತ್ತಿದ್ದರು. 2022ರ ಆಗಸ್ಟ್‌ನಲ್ಲಿ ಹೈಕೋರ್ಟ್ ಆ ದಳವನ್ನು ರದ್ದು ಮಾಡಿ ಅಧಿಕಾರ ವಾಪಸ್ ಕೊಡಿಸಿತು. ದೂರಿನ ಜೊತೆ ಪ್ರಮಾಣಪತ್ರ ಕೊಡಬೇಕು, ಬೇಕಂತಲೇ ಸುಳ್ಳು ದೂರು ಕೊಟ್ಟರೆ ಶಿಕ್ಷೆ ಇದೆ. ಅದಕ್ಕೇ ಹೇಳುವುದು, ಕೇಳಿದ ಮಾತನ್ನು ನಂಬಿ ದೂರು ಕೊಡಬೇಡ. ಎಂ.ಬಿ. ಕೈಗೆ ಬರಲಿ.

ಪ್ರಶ್ನೆ: ಎಲ್ಲರೂ ಒಂದೇ ಆಗಿರುವಾಗ ನೋಟಾ ಒತ್ತಿದರೆ ತಪ್ಪೇನು? ದುಡ್ಡು ಹಂಚಿ ಗೆದ್ದವರನ್ನು ಕೋರ್ಟ್ ಯಾವಾಗಲಾದರೂ ಕೆಳಗಿಳಿಸಿದೆಯಾ? — ತುಮಕೂರಿನ ಓದುಗರು

ಉತ್ತರ: ತಪ್ಪಿಲ್ಲ, ಅದು ನಿಮ್ಮ ಹಕ್ಕು. ಆದರೆ ನೋಟಾಗೆ ಎಲ್ಲರಿಗಿಂತ ಜಾಸ್ತಿ ಓಟು ಬಂದರೂ ಅದರ ನಂತರದ ಅಭ್ಯರ್ಥಿಯೇ ಗೆಲ್ಲುತ್ತಾರೆ. ಅವರ ನಿದ್ದೆ ಕೆಡುವುದಿಲ್ಲ.

ಕೋರ್ಟ್ ಅಂಥ ತೀರ್ಪು ಕೊಟ್ಟದ್ದು ನಿಮ್ಮ ಪಕ್ಕದಲ್ಲೇ ಇದೆ. ತುಮಕೂರು ಗ್ರಾಮಾಂತರ ಕ್ಷೇತ್ರದಲ್ಲಿ 2018ರ ಚುನಾವಣೆಗೆ ಮುಂಚೆ ನಕಲಿ ವಿಮೆ ಬಾಂಡ್ ಹಂಚಿದ್ದರೆಂಬ ತಕರಾರು ಅರ್ಜಿಯ ಮೇಲೆ ಹೈಕೋರ್ಟ್ ಆ ಆಯ್ಕೆಯನ್ನು ಅಸಿಂಧು ಮಾಡಿತು. ಆದರೆ ತೀರ್ಪು ಬಂದಿದ್ದು 2023ರ ಮಾರ್ಚ್ ಕೊನೆಗೆ. ಮುಂದಿನ ಚುನಾವಣೆಗೆ ಒಂದೂವರೆ ತಿಂಗಳೂ ಉಳಿದಿರಲಿಲ್ಲ. ಇಂಥ ಅರ್ಜಿಗಳನ್ನು ಆರು ತಿಂಗಳಲ್ಲಿ ಮುಗಿಸಲು ಪ್ರಯತ್ನಿಸಬೇಕು ಎಂದು ಪ್ರಜಾಪ್ರತಿನಿಧಿ ಕಾಯ್ದೆ ಹೇಳುತ್ತದೆ. ಇದನ್ನು ಓದಿದಾಗ ನನಗೆ ಸಿಟ್ಟೇ ಬರುತ್ತದೆ. ಆದರೂ ಆ ಬಾಂಡ್‌ಗಳನ್ನು ಬಿಸಾಡದೆ ಯಾರೋ ಎತ್ತಿಟ್ಟುಕೊಂಡಿದ್ದರು, ಅಲ್ವಾ? ಫಲಿತಾಂಶ ಬಂದ 45 ದಿನದೊಳಗೆ ಕ್ಷೇತ್ರದ ಯಾವ ಮತದಾರರು ಬೇಕಾದರೂ ಹೈಕೋರ್ಟಿಗೆ ತಕರಾರು ಅರ್ಜಿ ಹಾಕಬಹುದು. ಸೋತ ಅಭ್ಯರ್ಥಿಯೇ ಆಗಬೇಕಿಲ್ಲ. ಮುಂದಿನ ಸಲ ಮನೆಗೆ ಕೂಪನ್ನೋ ಕಾರ್ಡೋ ಬಂದರೆ ಒಲೆಗೆ ಹಾಕಬೇಡಿ. ಕೊಟ್ಟ ದಿನಾಂಕ, ಕೊಟ್ಟವರ ಹೆಸರು ಹಿಂದೆ ಬರೆದು ಇಟ್ಟುಕೊಳ್ಳಿ.

ಬಾಗೇಪಲ್ಲಿಯ ಮಗಳಿಗೆ ಒಂದು ಮಾತು ಬಿಟ್ಟುಹೋಯಿತು. ಉತ್ತರ ಕೊಡಲು ಅವರಿಗಿದ್ದ ಗಡುವು 30 ದಿನ. ಅದು ಮುಗಿದ ಮೇಲೆ ಮೊದಲ ಮೇಲ್ಮನವಿಗೆ ನಿನಗಿರುವುದೂ 30 ದಿನ. ನೀನು ಪತ್ರ ಬರೆದ ದಿನಕ್ಕೆ 16 ದಿನ ಉಳಿದಿತ್ತು, ಈಗ ಇನ್ನೂ ಕಡಿಮೆ. ಮೇಲ್ಮನವಿಯನ್ನು ಅದೇ ಇಲಾಖೆಯ ಮೇಲಿನ ಅಧಿಕಾರಿಗೆ ಸ್ಪೀಡ್ ಪೋಸ್ಟಿನಲ್ಲಿ ಈ ವಾರವೇ ಕಳಿಸು. ಅಲ್ಲೂ ಆಗದಿದ್ದರೆ 90 ದಿನದೊಳಗೆ ಮಾಹಿತಿ ಆಯೋಗಕ್ಕೆ ಹೋಗಬಹುದು. ಅಲ್ಲಿ ತಪ್ಪಿತಸ್ಥ ಅಧಿಕಾರಿಗೆ ದಿನಕ್ಕೆ 250 ರೂಪಾಯಿಯಂತೆ 25,000 ರೂಪಾಯಿವರೆಗೆ ದಂಡ ಬೀಳುತ್ತದೆ. ಲಕೋಟೆ ಮೇಲೆ ಅಪ್ಪನ ಕೈಲೇ ವಿಳಾಸ ಬರೆಸು. ಅಮ್ಮನನ್ನೂ ಅಂಚೆ ಕಚೇರಿಗೆ ಕರೆದುಕೊಂಡು ಹೋಗು.