ಹೇಮಾವತಿಯ ಮಡುವಿನಲ್ಲಿ ಯಾರ ಸರದಿ? ಓದುಗರ ಪತ್ರಕ್ಕೆ ಸಂಪಾದಕರ ಉತ್ತರ

ಪ್ರಿಯ ಓದುಗರೇ,

ಸಕಲೇಶಪುರದ ಕಡೆಯಿಂದ ನೀವು ಬರೆದ ಪತ್ರ ತಲುಪಿತು. ಹೆಸರು ಹಾಕಬೇಡಿ ಎಂದಿದ್ದೀರಿ, ಹಾಕಿಲ್ಲ. ಉಳಿದವರಿಗೂ ವಿಷಯ ತಿಳಿಯಲಿ ಎಂದು ನಿಮ್ಮ ಮಾತನ್ನು ಚಿಕ್ಕದಾಗಿ ಹೇಳಿಬಿಡುತ್ತೇನೆ.

ನೀವು ಹೇಮಾವತಿಯಲ್ಲಿ ಫ್ಲೈ ಫಿಶಿಂಗ್ ಮಾಡುತ್ತೀರಿ, ಅಂದರೆ ಗರಿ, ನೂಲು ಸುತ್ತಿದ ಕೊಕ್ಕೆಯನ್ನು (ಅದೇ ಫ್ಲೈ) ದಪ್ಪ ದಾರದಿಂದ (ಅದೇ ಲೈನ್) ಬೀಸಿ ಎಸೆದು ಮೀನು ಹಿಡಿಯುತ್ತೀರಿ. ಹಿಡಿದ ಮೀನನ್ನು ಅಲ್ಲೇ ಬಿಡುತ್ತೀರಿ. ಹೋದ ತಿಂಗಳು ಒಂದು ಮಡುವಿನಲ್ಲಿ ಲೈನ್ ಬೀಸುತ್ತಿದ್ದಾಗ ಊರಿನವರೊಬ್ಬರು ಬಂದು, ನೀವು ಗುರಿ ಇಟ್ಟಿದ್ದ ಜಾಗಕ್ಕೇ ಎರೆಹುಳದ ಗಾಳ ಇಳಿಬಿಟ್ಟರು. ನೀವು ಬೇಡ ಎಂದಿರಿ. ಮಾತಿಗೆ ಮಾತು ಬೆಳೆಯಿತು. ಮಹಶೀರ್ ಎಂಬ ದೊಡ್ಡ ಹೊಳೆ ಮೀನಿನ ಮರಿಯೊಂದನ್ನು ನೀವು ನೀರಿಗೆ ಬಿಟ್ಟಾಗ ‘ತಿನ್ನೋದಿಲ್ಲ ಅಂದ್ಮೇಲೆ ಯಾಕೆ ಹಿಡೀತೀರಿ?’ ಎಂದು ಅವರು ಕೇಳಿದರು. ಆ ಪ್ರಶ್ನೆ ನಿಮ್ಮನ್ನು ಚುಚ್ಚಿದೆ. ನದಿಯ ಒಂದಿಷ್ಟು ಭಾಗವನ್ನು ಫ್ಲೈ ಫಿಶಿಂಗ್‌ಗೆ ಮಾತ್ರ ಮೀಸಲಿಡಿ ಎಂದು ಸರ್ಕಾರವನ್ನು ಕೇಳೋಣ, ಪತ್ರಿಕೆ ನಮ್ಮ ಜೊತೆ ನಿಲ್ಲುತ್ತದೆಯೇ ಎಂದು ಕೇಳಿದ್ದೀರಿ.

ನಿಲ್ಲುವುದಿಲ್ಲ. ಯಾಕೆ ಅಂತ ಸಮಾಧಾನವಾಗಿ ಹೇಳುತ್ತೇನೆ, ಕೇಳಿ.

ಮೊದಲು ಆ ಗಾಳದ ವಿಚಾರ. ಬಿದಿರು ಕೋಲು ಹಿಡಿದು ಬರುವವರಿಗೆ ಜಾಗದ ಲೆಕ್ಕ ಸರಳ. ಗಾಳ ನೀರಿನಲ್ಲಿದ್ದರೆ ಅಲ್ಲಿ ಯಾರೋ ಇದ್ದಾರೆ ಎಂದರ್ಥ. ಬೆಂಡು ತೇಲುತ್ತಿರುತ್ತದೆ, ದೂರದಿಂದಲೇ ಕಾಣುತ್ತದೆ. ಇನ್ನೊಬ್ಬರು ನಾಲ್ಕು ಮಾರು ಬಿಟ್ಟು ಕೂರುತ್ತಾರೆ. ಇದನ್ನು ಯಾರೂ ಬರೆದಿಟ್ಟಿಲ್ಲ, ಸುಮ್ಮನೆ ನಡೆದುಕೊಂಡು ಬಂದಿದೆ. ಈಗ ದಡದ ಮೇಲೆ ನಿಂತು ನಿಮ್ಮನ್ನು ನೀವೇ ನೋಡಿ. ತೊಡೆಮಟ್ಟದ ನೀರಿನಲ್ಲಿ ನಿಂತಿದ್ದೀರಿ. ದಪ್ಪ ಹಳದಿ ದಾರವೊಂದು ತಲೆಯ ಮೇಲೆ ಹಿಂದಕ್ಕೂ ಮುಂದಕ್ಕೂ ಹೋಗುತ್ತಿದೆ. ಫ್ಲೈ ನೀರಿಗೆ ಬಿದ್ದರೂ ಕೆಲವೇ ಕ್ಷಣ, ಮತ್ತೆ ಎತ್ತಿ ಬೀಸುತ್ತೀರಿ. ಎದುರು ದಡದ ಅತ್ತಿ ಮರದ ನೆರಳು ನಿಮ್ಮ ಗುರಿ ಅಂತ ಅವರಿಗೆ ಗೊತ್ತಾಗುವುದು ಹೇಗೆ? ಅವರ ಕಣ್ಣಿಗೆ ಆ ನೆರಳಿನಲ್ಲಿ ಯಾರ ಗಾಳವೂ ಇರಲಿಲ್ಲ. ಖಾಲಿ ಜಾಗ ಎಂದುಕೊಂಡರು, ಹಾಕಿದರು. ನಿಮ್ಮನ್ನು ಕೆಣಕಲು ಬಂದರು ಎಂದು ನೀವು ಬರೆದಿದ್ದೀರಿ. ನನಗೆ ಹಾಗನ್ನಿಸುತ್ತಿಲ್ಲ.

ಇನ್ನೊಂದು ಲೆಕ್ಕವೂ ಇದೆ. ಎರೆಹುಳದ ಗಾಳಕ್ಕೆ ಸೀಸದ ಗುಂಡು ಭಾರ ಕೊಡುತ್ತದೆ. ನಮ್ಮ ಫ್ಲೈ ಒಂದು ಗರಿ, ಎರಡು ಸುತ್ತು ನೂಲು, ಅಷ್ಟೇ. ಅದಕ್ಕೆ ಭಾರವೇ ಇಲ್ಲ. ಲೈನ್‌ನ ಭಾರದಿಂದಲೇ ಅದು ಹೋಗಬೇಕು. ಹಾಗಾಗಿ 40 ಅಡಿ ಮುಂದೆ ಎಸೆಯಬೇಕಾದರೆ ಹೆಚ್ಚುಕಡಿಮೆ ಅಷ್ಟೇ ಉದ್ದದ ದಾರ ಹಿಂದಕ್ಕೂ ಬಿಚ್ಚಿಕೊಳ್ಳಬೇಕು. ಅಂದರೆ ಒಬ್ಬ ಮನುಷ್ಯ, 9 ಅಡಿಯ ಒಂದು ರಾಡ್, ಬೇಕಾಗುವ ಜಾಗ 80 ಅಡಿ. ಅದೇ ಜಾಗದಲ್ಲಿ ಬಿದಿರು ಕೋಲಿನವರು ಐದಾರು ಜನ ಆರಾಮಾಗಿ ಕೂರುತ್ತಾರೆ. ಹಿಂದೆ ಬಟ್ಟೆ ಒಗೆಯುವವರಿರುತ್ತಾರೆ, ದನ ತೊಳೆಯಲು ಬಂದ ಹುಡುಗರಿರುತ್ತಾರೆ. ಹಿಂದಕ್ಕೆ ಹೋದ ಕೊಕ್ಕೆ ಯಾರ ಕಿವಿಗೆ, ಯಾರ ಕಣ್ಣಿಗೆ ಸಿಕ್ಕೀತು ಎಂದು ನೆನೆದರೆ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ.

ಜಾಸ್ತಿ ಜಾಗ ಬೇಕಾದವರೇ ಮೊದಲು ಬಾಯಿ ಬಿಡಬೇಕು. ಈ ಪತ್ರದಲ್ಲಿ ನಾನು ಹೇಳಬೇಕಾದ ಮುಖ್ಯ ಮಾತು ಇದೇ. ‘ಅಣ್ಣಾ, ನಾನು ಆ ಅತ್ತಿ ಮರದ ಕೆಳಗೆ ಹಾಕ್ತಾ ಇದೀನಿ. ಸ್ವಲ್ಪ ಹೊತ್ತು, ಆಮೇಲೆ ಮೇಲಕ್ಕೆ ಹೋಗ್ತೀನಿ’ ಎಂದರೆ ಮುಗಿಯಿತು. ಬೇಡ ಎನ್ನುವವರು ಬಹಳ ಕಡಿಮೆ. ಇದರಲ್ಲಿ ನಿಮಗೆ ನಷ್ಟವೂ ಇಲ್ಲ. ತಿಳಿನೀರಿನ ಮಡುವಿನಲ್ಲಿ ಮೇಲಿಂದ ಮೇಲೆ ಲೈನ್ ಬಿದ್ದರೆ ಮಹಶೀರ್ ಹೇಗೂ ತಳಕ್ಕೆ ಇಳಿದುಬಿಡುತ್ತದೆ. ಫ್ಲೈ ಹಾಕುವವರು ನಡೆಯುತ್ತಾ ಹೋಗುವವರು, ಎರೆಹುಳ ಹಾಕುವವರು ಕೂತು ಕಾಯುವವರು. ಒಂದೇ ಮಡುವಿನಲ್ಲಿ ಒಬ್ಬರ ನಂತರ ಒಬ್ಬರು ಹಾಕಬಹುದು. ಅವರು ಮೊದಲೇ ಕೂತಿದ್ದರೆ ನೀವು ನೀರಿನಿಂದ ಮೇಲೆ ಹತ್ತಿ, ಅವರ ಬೆನ್ನ ಹಿಂದಿನಿಂದ, ದಡದ ಅಂಚು ಬಿಟ್ಟು ಸುತ್ತಿ ಹೋಗಬೇಕು. ಅಂಚಿನಲ್ಲಿ ನಡೆದರೆ ಹೆಜ್ಜೆಯ ಅದುರು ನೀರಿಗೆ ಇಳಿಯುತ್ತದೆ, ನೆರಳು ಬೀಳುತ್ತದೆ. ಅವರ ಮುಂದಿನಿಂದ ನೀರು ಕಲಕುತ್ತಾ ದಾಟುವುದಂತೂ ಮಾಡಲೇಬಾರದ ಕೆಲಸ.

ಮರ, ಜನ ಎರಡೂ ಇರುವ ದಡದಲ್ಲಿ ರೋಲ್ ಕಾಸ್ಟ್ ಕಲಿಯಿರಿ. ಲೈನ್ ಹಿಂದಕ್ಕೆ ಪೂರ್ತಿ ಬಿಚ್ಚಿಕೊಳ್ಳುವುದಿಲ್ಲ, ನೀರಿನ ಮೇಲೇ ಸುರುಳಿಯಾಗಿ ಮುಂದಕ್ಕೆ ಬಿಚ್ಚಿಕೊಳ್ಳುತ್ತದೆ. ದೂರ ಸ್ವಲ್ಪ ಕಡಿಮೆ. ಆದರೆ ಹೇಮಾವತಿಯ ಮೇಲ್ಭಾಗದಲ್ಲಿ ದೂರ ಯಾರಿಗೆ ಬೇಕು?

ಅತ್ತಿ ಮರದ ಮಾತು ಬಂತಲ್ಲ, ಅದನ್ನೂ ಹೇಳಿಬಿಡುತ್ತೇನೆ. ಬೇಸಿಗೆಯಲ್ಲಿ ಅತ್ತಿ ಹಣ್ಣಾದಾಗ, ನೇರಳೆ ಉದುರುವಾಗ, ಕೆಳಗಿನ ನೀರಿನಲ್ಲಿ ಮೀನು ಕಾಯುತ್ತಿರುತ್ತವೆ. ಹಣ್ಣು ‘ಪುಳಕ್’ ಎಂದು ಬೀಳುತ್ತದೆ. ಒಂದು ಕ್ಷಣ ಏನೂ ಇಲ್ಲ. ಆಮೇಲೆ ಕೆಳಗಿನಿಂದ ಒಂದು ಕಂದು ನೆರಳು ಏಳುತ್ತದೆ, ನೀರು ಉಬ್ಬುತ್ತದೆ, ಹಣ್ಣು ಇರುವುದಿಲ್ಲ. ಕೆಂಪು ಫೋಮ್ ತುಂಡನ್ನು ಅತ್ತಿ ಹಣ್ಣಿನಷ್ಟೇ ದುಂಡಗೆ ಕತ್ತರಿಸಿ ಕೊಕ್ಕೆಗೆ ಕಟ್ಟಿಕೊಳ್ಳಿ. ಅದನ್ನು ಮೆಲ್ಲಗೆ ಇಳಿಸಬೇಡಿ, ಸದ್ದಾಗುವಂತೆ ಬೀಳಿಸಿ. ಆದರೆ ಈ ವಾರ ಯಾವ ಮರ ಹಣ್ಣಾಗಿದೆ, ಯಾವ ಬಂಡೆಯ ಬುಡದಲ್ಲಿ ಆಳವಿದೆ, ಇದು ಗೊತ್ತಿರುವುದು ಯಾರಿಗೆ? ನೀವು ಜಗಳ ಆಡಿದಿರಲ್ಲ, ಅವರಿಗೆ. ಕಾವೇರಿಯಲ್ಲಿ ಬೇಯಿಸಿದ ರಾಗಿ ಹಿಟ್ಟಿನ ಉಂಡೆಗೆ ಮಹಶೀರ್ ಹಿಡಿಯುವುದನ್ನು ದೊಡ್ಡ ದೊಡ್ಡ ರಾಡ್ ಹೊತ್ತು ಬಂದವರೆಲ್ಲ ಕಲಿತದ್ದು ನದಿ ದಡದ ಜನರಿಂದಲೇ.

ಇನ್ನು ಅವರ ಪ್ರಶ್ನೆ. ತಿನ್ನದಿದ್ದರೆ ಯಾಕೆ ಹಿಡಿಯಬೇಕು? ಇದು ನ್ಯಾಯವಾದ ಪ್ರಶ್ನೆ. ಅದಕ್ಕೆ ನೀವು ‘ನಾನು ಮೀನು ಉಳಿಸುವವನು, ನೀವು ಕೊಲ್ಲುವವರು’ ಎಂದು ಉತ್ತರಿಸಿದಿರಿ. ಆ ಉತ್ತರ ನನಗೆ ಸರಿ ಕಾಣಲಿಲ್ಲ. ನಾವು ಹಿಡಿಯುವುದು ನಮ್ಮ ಖುಷಿಗೆ. ಅದನ್ನು ಹಾಗೆಯೇ ಒಪ್ಪಿಕೊಳ್ಳಬೇಕು. ಸಾರಿಗೆ ನಾಲ್ಕು ಮೀನು ಬೇಕು ಎಂದು ಬರುವವರ ಕಾರಣ ನಮ್ಮ ಕಾರಣಕ್ಕಿಂತ ಯಾವ ರೀತಿಯಲ್ಲೂ ಕೀಳಲ್ಲ.

ಖುಷಿಗೆ ಹಿಡಿಯುತ್ತೇವೆ ಎಂದ ಮೇಲೆ ಮೀನಿಗೆ ಆದಷ್ಟು ಕಡಿಮೆ ತೊಂದರೆ ಕೊಡುವುದು ನಮ್ಮ ಹೊಣೆ. ಕೊಕ್ಕೆಯ ಮೊನೆಯ ಒಳಬದಿಯಲ್ಲಿ ಸಣ್ಣ ಮುಳ್ಳು ಇರುತ್ತದಲ್ಲ, ಅದನ್ನು ಮನೆಯಲ್ಲೇ ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡಿ. ಒತ್ತಿದ ಮೇಲೆ ಹತ್ತಿ ಬಟ್ಟೆಗೆ ಚುಚ್ಚಿ ಎಳೆದು ನೋಡಿ. ದಾರ ಕಿತ್ತು ಬಂದರೆ ಇನ್ನೂ ಒತ್ತಬೇಕು, ಸಲೀಸಾಗಿ ಹೊರಬಂದರೆ ಸರಿಯಾಗಿದೆ. ಮೀನನ್ನು ಮುಟ್ಟುವ ಮೊದಲು ಕೈ ಒದ್ದೆ ಮಾಡಿಕೊಳ್ಳಿ, ಒಣಗೈ ತಾಗಿದರೆ ಮೈಮೇಲಿನ ಲೋಳೆ ಹೋಗುತ್ತದೆ. ಫೋಟೊ ಬೇಕಾದರೆ ಮೀನು ನೀರಿನಲ್ಲೇ ಇರಲಿ. ಬಿಡುವಾಗ ಹರಿವಿಗೆ ಮುಖ ಮಾಡಿ ಹಿಡಿದುಕೊಳ್ಳಿ, ತಾನಾಗಿ ಬಾಲ ಬಡಿದು ಹೋಗುವ ತನಕ ಕಾಯಿರಿ. ಏಪ್ರಿಲ್, ಮೇನಲ್ಲಿ ಮಧ್ಯಾಹ್ನದ ಹೊತ್ತು ನೀರು ಬಿಸಿಯಾಗಿ, ಅದರಲ್ಲಿ ಆಮ್ಲಜನಕ ಕಡಿಮೆಯಾಗುತ್ತದೆ. ಆಗ ದಣಿದ ಮೀನು ಬಿಟ್ಟರೂ ಬದುಕುವುದು ಕಷ್ಟ. ಆ ಹೊತ್ತಿನಲ್ಲಿ ಹಿಡಿಯಲೇಬೇಡಿ.

ಎಲ್ಲ ಮೀನನ್ನೂ ಬಿಡಬೇಕು ಎಂಬ ಹಟವೂ ಬೇಡ. ಜಿಲೇಬಿ ಮೀನು ನಮ್ಮ ನದಿಯದಲ್ಲ, ಆಫ್ರಿಕಾದ್ದು. ಆಫ್ರಿಕನ್ ಕ್ಯಾಟ್‌ಫಿಶ್ ಅಂತೂ ಸಾಕುವುದಕ್ಕೇ ನಿಷೇಧವಿದೆ. ಇವು ನಿಮ್ಮ ಫ್ಲೈಗೆ ಬಿದ್ದರೆ ಮತ್ತೆ ಹೊಳೆಗೆ ಬಿಡಬೇಡಿ. ಜಿಲೇಬಿಯನ್ನು ಪಕ್ಕದಲ್ಲಿ ಕೂತವರಿಗೆ ಕೊಡಿ, ಖುಷಿಯಿಂದ ತೆಗೆದುಕೊಳ್ಳುತ್ತಾರೆ. ‘ಮಹಶೀರ್ ಮರಿ ಸಿಕ್ಕರೆ ಬಿಟ್ಟುಬಿಡಿ ಅಣ್ಣಾ, ಅದು ಕಡಿಮೆ ಆಗ್ತಾ ಇದೆ’ ಎಂದು ಆಮೇಲೆ ಹೇಳಿದರೆ ಆ ಮಾತಿಗೆ ಬೆಲೆ ಇರುತ್ತದೆ.

ಕಡಿಮೆಯಾಗಿರುವುದು ನಿಜ. ಮೈಸೂರಿನ ವ್ಯಾನ್ ಇಂಗೆನ್ ಕುಟುಂಬದವರೊಬ್ಬರು 1946ರಲ್ಲಿ ಕಬಿನಿಯಲ್ಲಿ 120 ಪೌಂಡಿನ, ಅಂದರೆ ಸುಮಾರು 54 ಕಿಲೋದ ಮಹಶೀರ್ ಹಿಡಿದಿದ್ದರು. ಕಾವೇರಿ ಕೊಳ್ಳದ ಆ ಗೂನು ಬೆನ್ನಿನ, ಕಿತ್ತಳೆ ರೆಕ್ಕೆಯ ಮಹಶೀರ್‌ಗೆ ಸರಿಯಾದ ವೈಜ್ಞಾನಿಕ ಹೆಸರು ಗಟ್ಟಿಯಾದದ್ದೇ 2018ರಲ್ಲಿ: ಟಾರ್ ರೆಮಾದೇವಿ. ಅಳಿವಿನಂಚಿನ ಜೀವಿಗಳ ಲೆಕ್ಕ ಇಡುವ ಅಂತರರಾಷ್ಟ್ರೀಯ ಸಂಸ್ಥೆ ಐಯುಸಿಎನ್‌ನ ಪಟ್ಟಿಯಲ್ಲಿ ಅದು ಅಳಿವಿನ ತೀರಾ ಅಂಚಿನಲ್ಲಿದೆ. ಇದಕ್ಕೆ ಅಣೆಕಟ್ಟು, ಮರಳುಗಾರಿಕೆ, ತೋಟೆ (ನೀರಿನಲ್ಲಿ ಸಿಡಿಸುವ ಮದ್ದು), ವಿಷ ಎಲ್ಲವೂ ಕಾರಣ. ಜೊತೆಗೆ ಇನ್ನೊಂದನ್ನೂ ಹೇಳಬೇಕು. ಕಾವೇರಿಯಲ್ಲಿ ಮೀನು ಹೆಚ್ಚಾಗಲಿ ಎಂದು ದಶಕಗಳ ಹಿಂದೆ ಲೋನಾವಳದ ಮರಿ ಕೇಂದ್ರದಿಂದ ನೀಲಿ ರೆಕ್ಕೆಯ ಮಹಶೀರ್ ಮರಿಗಳನ್ನು ತಂದು ಬಿಡಲಾಯಿತು. ಅದು ಕೃಷ್ಣಾ ಕೊಳ್ಳದ ಮೀನು. ಈಗ ಕಾವೇರಿಯಲ್ಲಿ ಹೆಚ್ಚಾಗಿ ಸಿಗುವುದು ಅದೇ, ಗೂನು ಬೆನ್ನಿನದು ಮೂಲೆಗೆ ಸರಿದಿದೆ. ಹಾಗೆ ತಂದು ಬಿಟ್ಟವರು ಮೀನನ್ನು ಪ್ರೀತಿಸಿದವರೇ. ಹೊಳೆ ಹಾಳಾದದ್ದು ಎರೆಹುಳದ ಗಾಳದಿಂದ ಎಂದು ಬರೆಯುವ ಮೊದಲು ಇದನ್ನೂ ಯೋಚಿಸಿ.

ಮೀಸಲು ಜಾಗದ ಬೇಡಿಕೆಗೆ ಬರುತ್ತೇನೆ. ಕಾವೇರಿ ದಡದ ಭೀಮೇಶ್ವರಿ, ಗಾಳಿಬೋರೆ, ದೊಡ್ಡಮಕ್ಕಳಿಯ ಹೆಸರು ಕೇಳಿರುತ್ತೀರಿ. ಅಲ್ಲಿ ವರ್ಷಗಟ್ಟಲೆ ಮಹಶೀರ್ ಹಿಡಿದು ಬಿಡುವ ಪದ್ಧತಿ ನಡೆಯಿತು. ಹಣ ಕೊಟ್ಟು ಬಂದವರಿಗೆ ದಾರಿ ತೋರಿಸಿದವರು, ಹರಿಗೋಲು ಹಾಕಿದವರು, ರಾತ್ರಿ ಹೊಳೆ ಕಾದವರು ಸುತ್ತಲಿನ ಹಳ್ಳಿಯವರು. ಅವರಲ್ಲಿ ಕೆಲವರು ಹಿಂದೆ ಕದ್ದು ಮೀನು ಹಿಡಿಯುತ್ತಿದ್ದವರೇ. ಹೊಳೆಯಲ್ಲಿ ಮೀನಿದ್ದರೆ ತಮ್ಮ ಮನೆಗೂ ಸಂಪಾದನೆ ಇತ್ತು, ಅದಕ್ಕೇ ಕಾದರು. ಆ ಜಾಗ ಕಾವೇರಿ ವನ್ಯಜೀವಿಧಾಮದೊಳಗೆ ಬರುವುದರಿಂದ, ವನ್ಯಜೀವಿ ಕಾಯ್ದೆಯ ಪ್ರಕಾರ ಗಾಳ ಹಾಕುವುದನ್ನು ಆಮೇಲೆ ನಿಲ್ಲಿಸಲಾಯಿತು. ಅದು ಸರಿಯೋ ತಪ್ಪೋ ಎಂಬ ಚರ್ಚೆ ಇನ್ನೂ ಇದೆ. ನಾನು ಹೇಳುವುದು ಇಷ್ಟೇ: ಹಳ್ಳಿಯವರನ್ನು ಹೊರಗಿಟ್ಟು ಹೊಳೆ ಕಾಯಲು ಆಗುವುದಿಲ್ಲ. ನೀವು ಕೇಳುತ್ತಿರುವ ಮೀಸಲಿನಲ್ಲಿ ಅವರಿಗೆ ಪಾಲೇ ಇಲ್ಲ. ನೀವು ಭಾನುವಾರ ಸಂಜೆ ಕಾರು ಹತ್ತಿದ ಮೇಲೆ ಆ ಮಡುವನ್ನು ಯಾರು ಕಾಯುತ್ತಾರೆ?

ಕಾನೂನನ್ನೂ ಒಮ್ಮೆ ನೋಡಿಕೊಳ್ಳಿ. ನಮ್ಮಲ್ಲಿ ಒಳನಾಡು ಮೀನುಗಾರಿಕೆಗೆ 1996ರ ಕರ್ನಾಟಕ ಕಾಯ್ದೆ ಇದೆ, ಪರವಾನಗಿ ಕೊಡುವುದು ಮೀನುಗಾರಿಕೆ ಇಲಾಖೆ. ಕೆಲವು ಕಡೆ ನೀರನ್ನು ಮೀನುಗಾರರ ಸಹಕಾರ ಸಂಘಕ್ಕೋ ಗುತ್ತಿಗೆದಾರರಿಗೋ ಕೊಟ್ಟಿರುತ್ತಾರೆ. ನಿಮ್ಮ ಎದುರು ಕೂತ ವ್ಯಕ್ತಿ ಅಂಥ ಸಂಘದ ಸದಸ್ಯರಾಗಿದ್ದರೆ ಆ ಮಡುವಿನಲ್ಲಿ ನಿಮಗಿಂತ ಅವರಿಗೇ ಹೆಚ್ಚು ಹಕ್ಕು. ನಿಮ್ಮ ಬಳಿ ಪರವಾನಗಿ ಇದೆಯೋ ಇಲ್ಲವೋ ಪತ್ರದಲ್ಲಿ ಬರೆದಿಲ್ಲ. ಇಲ್ಲದಿದ್ದರೆ ತಾಲ್ಲೂಕಿನ ಮೀನುಗಾರಿಕೆ ಕಚೇರಿಗೆ ಹೋಗಿ ವಿಚಾರಿಸಿ. ಅಭಯಾರಣ್ಯದೊಳಗೆ, ದೇವಸ್ಥಾನದ ಮತ್ಸ್ಯಧಾಮದ ಹತ್ತಿರ ಗಾಳದ ಮಾತೇ ಬೇಡ. ನಿಮ್ಮ ಜಿಲ್ಲೆಯ ರಾಮನಾಥಪುರದಲ್ಲಿ ಕಾವೇರಿಯ ಮೀನಿಗೆ ಜನ ಪುರಿ ಹಾಕುವುದನ್ನು ನೋಡಿರುತ್ತೀರಲ್ವಾ? ಎಷ್ಟು ದೊಡ್ಡ ಮೀನು, ಎಷ್ಟು ಹತ್ತಿರ! ಅಲ್ಲಿ ಯಾವ ಬೇಲಿಯೂ ಇಲ್ಲ, ಊರೇ ಕಾಯುತ್ತದೆ.

ಆದರೂ ಅಂಥ ಜಾಗಕ್ಕೂ ಕೇಡು ತಪ್ಪಿಲ್ಲ. ಬೆಳ್ತಂಗಡಿ ತಾಲ್ಲೂಕಿನ ಶಿಶಿಲದಲ್ಲಿ ಕಪಿಲಾ ಹೊಳೆಯ ದೇವರ ಮೀನುಗಳಿವೆ, ಪೆರುವೋಳು ಎನ್ನುತ್ತಾರೆ, ಮಹಶೀರ್ ಜಾತಿಯವೇ. 1996ರಲ್ಲಿ ಯಾರೋ ನೀರಿಗೆ ವಿಷ ಹಾಕಿದರು. ಸಾವಿರಾರು ಮೀನು ಸತ್ತವು. ನಿಮ್ಮ ಸಿಟ್ಟು ಇಂಥವರ ಮೇಲಿರಲಿ. ಬ್ಲೀಚಿಂಗ್ ಪೌಡರ್ ಸುರಿದರೆ, ತೋಟೆ ಸಿಡಿಸಿದರೆ ಮರಿ, ಮೊಟ್ಟೆ, ಏಡಿ, ಸಿಗಡಿ ಒಂದೂ ಉಳಿಯುವುದಿಲ್ಲ. ವಿಷ, ಸಿಡಿಮದ್ದು ಎರಡೂ 1897ರ ಮೀನುಗಾರಿಕೆ ಕಾಯ್ದೆಯಿಂದಲೇ ಅಪರಾಧ. ಆದರೆ ರಾತ್ರಿ ಹೊತ್ತು ಯಾವ ಮಡುವಿನಲ್ಲಿ ತೋಟೆ ಸದ್ದಾಯಿತು ಎಂಬುದು ಬೆಂಗಳೂರಿಗೋ ಹಾಸನಕ್ಕೋ ಕೇಳಿಸುವುದಿಲ್ಲ. ಕೇಳಿಸುವುದು ದಡದ ಮನೆಯವರಿಗೆ. ಅವರ ಬಳಿ ನಿಮ್ಮ ಫೋನ್ ನಂಬರ್ ಇರಬೇಕು, ಅವರಿಗೆ ನಿಮ್ಮ ಮೇಲೆ ನಂಬಿಕೆ ಇರಬೇಕು. ನೀವು ಪೊಲೀಸರಿಗೆ, ಇಲಾಖೆಗೆ ಬರೆದು ಬೆನ್ನು ಹತ್ತಬಲ್ಲಿರಿ, ಅವರಿಗೆ ಅದು ಕಷ್ಟ. ಇದರಲ್ಲಿ ನಮ್ಮ ಪತ್ರಿಕೆ ಖಂಡಿತ ನಿಮ್ಮ ಜೊತೆ ನಿಲ್ಲುತ್ತದೆ. ಇಂಥ ದೂರು ಕಳಿಸಿ, ಅಚ್ಚು ಹಾಕುತ್ತೇವೆ.

ಹತ್ತುಮೀನಿನ ಕಾಲದ ಬಗ್ಗೆಯೂ ಒಂದು ಮಾತು. ಮುಂಗಾರಿನ ಮೊದಲ ಜೋರು ಮಳೆಗೆ ಮೀನು ಹೊಳೆಯಿಂದ ಹಳ್ಳಕ್ಕೆ, ಹಳ್ಳದಿಂದ ಗದ್ದೆಗೆ ಹತ್ತುತ್ತವೆ, ಮೊಟ್ಟೆ ಇಡಲು. ಮಲೆನಾಡಿನಲ್ಲಿ ಆಗ ಊರಿಗೆ ಊರೇ ಗದ್ದೆಗೆ ಇಳಿಯುತ್ತದೆ. ಹಿಂದಿನಿಂದ ಬಂದ ರೂಢಿ, ಒಂದೇ ದಿನದಲ್ಲಿ ಬಿಡಿ ಎಂದರೆ ಯಾರೂ ಬಿಡುವುದಿಲ್ಲ. ಮೊಟ್ಟೆ ತುಂಬಿದ ಮೀನನ್ನು ಹಿಡಿಯುವುದು ಬೇಡ ಎಂಬ ಮಾತು ಊರಿನ ಹಿರಿಯರ ಬಾಯಿಂದಲೇ ಬರಬೇಕು. ಬರುವಂತೆ ಮಾಡುವುದು ನಿಧಾನದ ಕೆಲಸ. ನೀವು ಮಾತ್ರ ಜೂನ್‌ನಿಂದ ಮಳೆಗಾಲ ಮುಗಿಯುವ ತನಕ ರಾಡ್ ಒಳಗಿಡಿ. ಕೆಂಪು ನೀರಿನಲ್ಲಿ ಫ್ಲೈ ಹೇಗೂ ಕಾಣುವುದಿಲ್ಲ.

ಪತ್ರದ ಕೊನೆಯಲ್ಲಿ ಒಂದು ಸಾಲು ಬರೆದಿದ್ದೀರಿ. ಜಗಳ ನಡೆಯುವಾಗ ಆ ಊರಿನವರ ಜೊತೆ ಬಂದಿದ್ದ ಅವರ ಮಗ ನಿಮ್ಮ ಲೈನನ್ನೇ ನೋಡುತ್ತಿದ್ದ, ‘ನಾನೊಂದ್ಸಲ ಬೀಸ್ಲಾ?’ ಎಂದು ಕೇಳಿದ, ನೀವು ಕೊಡಲಿಲ್ಲ. ಮುಂದಿನ ಸಲ ಕೊಡಿ. ತಂದೆಯವರನ್ನು ಕೇಳಿಯೇ ಕೊಡಿ, ಅವರೂ ಒಂದು ಕೈ ನೋಡಲಿ. ದುಬಾರಿ ರಾಡ್ ಎಂಬ ಭಯವಿದ್ದರೆ ಕಡಿಮೆ ಬೆಲೆಯ 5ನೇ ನಂಬರ್ (ಹಗುರ ಲೈನ್ ಬೀಸುವ) ರಾಡ್ ಒಂದನ್ನು ಇದಕ್ಕೆಂದೇ ಇಟ್ಟುಕೊಳ್ಳಿ. ಮೊದಲು ಕೊಕ್ಕೆ ಬೇಡ, ಲೈನ್‌ನ ತುದಿಗೆ ಒಂದು ತುಂಡು ಉಣ್ಣೆ ನೂಲು ಕಟ್ಟಿ ಗದ್ದೆಯಲ್ಲಿ ಬೀಸಿಸಿ. ಹಿಂದಕ್ಕೆ ಹೋದ ಲೈನ್ ಪೂರ್ತಿ ಬಿಚ್ಚುವ ತನಕ ಕಾಯುವುದು ಕೈಗೆ ಬರಬೇಕು, ಉಳಿದದ್ದು ಬೇಗ ಬರುತ್ತದೆ. ರೋಲ್ ಕಾಸ್ಟ್ ಬಗ್ಗೆ ಚಿತ್ರಗಳ ಸಮೇತ ಒಂದು ಲೇಖನವನ್ನು ಮುಂದಿನ ಸಂಚಿಕೆಯಲ್ಲಿ ಹಾಕುತ್ತಿದ್ದೇವೆ. ಎರಡು ಪ್ರತಿ ಕಳಿಸುತ್ತೇನೆ, ಒಂದು ಆ ಹುಡುಗನಿಗೆ.

ಪ್ರೀತಿಯಿಂದ,
ಸಂಪಾದಕ