2021ರಲ್ಲಿ ನಿಜವಾಗಿ ಒಳ್ಳೆಯ ತಂಡ ಯಾವುದು, ಜೈಂಟ್ಸಾ ಡಾಡ್ಜರ್ಸಾ?

ನೀವು ಕೇಳಿರುವುದು ಇಷ್ಟು: 2021ರಲ್ಲಿ ಅಮೆರಿಕದ ಬೇಸ್‌ಬಾಲ್‌ನ ನ್ಯಾಷನಲ್ ಲೀಗ್ ವೆಸ್ಟ್ ಡಿವಿಷನ್‌ನಲ್ಲಿ (ಐದು ತಂಡಗಳ ಗುಂಪು) ಸ್ಯಾನ್ ಫ್ರಾನ್ಸಿಸ್ಕೊ ಜೈಂಟ್ಸ್ 107 ಪಂದ್ಯ ಗೆದ್ದರು, ಲಾಸ್ ಏಂಜಲೀಸ್ ಡಾಡ್ಜರ್ಸ್ 106 ಗೆದ್ದರು, ಆಮೇಲೆ ಪ್ಲೇಆಫ್‌ನಲ್ಲಿ ಅದೇ ಡಾಡ್ಜರ್ಸ್ ಜೈಂಟ್ಸನ್ನು ಮನೆಗೆ ಕಳಿಸಿದರು, ಹಾಗಾದರೆ ನಿಜವಾಗಿ ಒಳ್ಳೆಯ ತಂಡ ಯಾವುದು?

ಮೊದಲೇ ಹೇಳಿಬಿಡುತ್ತೇನೆ, ನಾನಿರುವುದು ಸ್ಯಾನ್ ಹೊಸೆ ಹತ್ತಿರ, ಅಂದರೆ ಜೈಂಟ್ಸ್ ಊರಿನ ಕಡೆ. ಮನೆಯಲ್ಲಿ ಮೂರು ಜೈಂಟ್ಸ್ ಟೋಪಿ ಇವೆ. ಆದರೂ ನನ್ನ ಉತ್ತರ ಡಾಡ್ಜರ್ಸ್. ಡಿವಿಷನ್ ಗೆದ್ದಿದ್ದು ಜೈಂಟ್ಸ್, ಅದಕ್ಕೆ ತಕರಾರಿಲ್ಲ, 2013ರಿಂದ ಸತತವಾಗಿ ಎಂಟು ವರ್ಷ ಡಾಡ್ಜರ್ಸ್ ಕೈಯಲ್ಲಿದ್ದ ಪಟ್ಟವನ್ನು ಕಿತ್ತುಕೊಂಡರು. ಗೆದ್ದವರು ಯಾರು ಅನ್ನುವುದು ಒಂದು ಪ್ರಶ್ನೆ, ಬಲ ಯಾರದು ಜಾಸ್ತಿ ಅನ್ನುವುದು ಇನ್ನೊಂದು. ನೀವು ಕೇಳಿರುವುದು ಎರಡನೆಯದು.

ಒಂದು ಋತುವಿಗೆ 162 ಪಂದ್ಯ. ಹೆಚ್ಚುಕಮ್ಮಿ ದಿನಾ ಆಟ. ಇಷ್ಟು ಆಡಿದ ಮೇಲೆ ಒಂದು ಗೆಲುವು ಜಾಸ್ತಿ ಇದ್ದರೆ ಅದಕ್ಕೆ ಬೆಲೆ ಇರಬೇಕು ಅನ್ನಿಸುತ್ತದೆ ಅಲ್ವಾ? ಒಂದು ನಾಣ್ಯವನ್ನು 162 ಸಲ ಚಿಮ್ಮಿ ನೋಡಿ. ಲೆಕ್ಕದ ಪ್ರಕಾರ 81 ಸಲ ಹೆಡ್ಸ್ ಬೀಳಬೇಕು. ಆದರೆ 75 ಬಿದ್ದರೂ 87 ಬಿದ್ದರೂ ಯಾರೂ ಹುಬ್ಬೇರಿಸಬೇಕಾಗಿಲ್ಲ, ಆರರಷ್ಟು ಆಚೀಚೆ ಆಗುವುದು ತೀರಾ ಮಾಮೂಲು. ಬರೀ ಅದೃಷ್ಟವೇ ಆರು ಪಂದ್ಯ ಅಲ್ಲಾಡಿಸುವಾಗ 107 ಮತ್ತು 106ರ ನಡುವೆ ಏನು ಹುಡುಕುತ್ತೀರಿ?

ಹಾಗಾಗಿ ನಾನು ನೋಡುವುದು ರನ್ ಲೆಕ್ಕ. ನಮ್ಮವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 2024ರ ಮೇ 18ರಂದು ಚಿನ್ನಸ್ವಾಮಿಯಲ್ಲಿ ಆರ್‌ಸಿಬಿ ಚೆನ್ನೈ ವಿರುದ್ಧ ಸುಮ್ನೆ ಗೆದ್ದರೆ ಸಾಲದು, 18 ರನ್ನಿನಿಂದಾದರೂ ಗೆಲ್ಲಬೇಕು ಅಂತ ಇಡೀ ಊರು ಕ್ಯಾಲ್ಕುಲೇಟರ್ ಹಿಡಿದು ಕೂತಿತ್ತು. 27ರಿಂದ ಗೆದ್ದರು, ಎರಡೂ ತಂಡಕ್ಕೆ 14 ಅಂಕ, ನೆಟ್ ರನ್ ರೇಟ್ ಮೇಲೆ ಒಳಗೆ ಹೋದರು. ಬೇಸ್‌ಬಾಲ್ ಪಟ್ಟಿಯಲ್ಲಿ ರನ್ ಅಂತರಕ್ಕೆ ಅಂಥ ಅಧಿಕಾರ ಇಲ್ಲ. 9-2ರಿಂದ ಗೆದ್ದರೂ ಒಂದೇ, 2-1ರಿಂದ ಗೆದ್ದರೂ ಒಂದೇ. ಆದರೆ ತಂಡದ ತೂಕ ನೋಡಬೇಕಾದರೆ ಅದಕ್ಕಿಂತ ಒಳ್ಳೆಯ ತಕ್ಕಡಿ ನನಗೆ ಸಿಕ್ಕಿಲ್ಲ.

ಆ ವರ್ಷ ಡಾಡ್ಜರ್ಸ್ ಗಳಿಸಿದ್ದು 830 ರನ್, ಬಿಟ್ಟುಕೊಟ್ಟಿದ್ದು 561. ಅಂದರೆ 269 ಲಾಭ. ಜೈಂಟ್ಸ್ ಗಳಿಸಿದ್ದು 804, ಕೊಟ್ಟಿದ್ದು 594, ಲಾಭ 210. ಬಿಲ್ ಜೇಮ್ಸ್ ಅನ್ನುವ ಬೇಸ್‌ಬಾಲ್ ಅಂಕಿಅಂಶ ತಜ್ಞರು ಇದಕ್ಕೊಂದು ಸುಲಭ ಸೂತ್ರ ಕೊಟ್ಟಿದ್ದಾರೆ. ಗಳಿಸಿದ ರನ್ನಿನ ವರ್ಗವನ್ನು ಗಳಿಸಿದ್ದರ ವರ್ಗ ಮತ್ತು ಕೊಟ್ಟದ್ದರ ವರ್ಗ ಎರಡೂ ಕೂಡಿದ ಮೊತ್ತದಿಂದ ಭಾಗಿಸಿ, 162ರಿಂದ ಗುಣಿಸಿ, ಅಷ್ಟೇ. ಫೋನಿನಲ್ಲೇ ಆಗುತ್ತದೆ. ಡಾಡ್ಜರ್ಸ್‌ಗೆ ಸುಮಾರು 111 ಗೆಲುವು ಬರುತ್ತದೆ, ಜೈಂಟ್ಸ್‌ಗೆ 105. ಒಬ್ಬರು ತಮ್ಮ ಆಟಕ್ಕೆ ಸಿಗಬೇಕಾದದ್ದಕ್ಕಿಂತ ಐದು ಕಮ್ಮಿ ಗೆದ್ದರು, ಇನ್ನೊಬ್ಬರು ಎರಡು ಜಾಸ್ತಿ. ಒಂದು ರನ್ ಅಂತರದ ಬಿಗಿ ಪಂದ್ಯಗಳಲ್ಲಿ ಜೈಂಟ್ಸ್ ಕೈ ಮೇಲಾಗಿತ್ತು, ಅದೇ ಈ ವ್ಯತ್ಯಾಸದ ಗುಟ್ಟು.

ಇಲ್ಲಿ ನಮ್ಮ ಜೈಂಟ್ಸ್ ಅಭಿಮಾನಿಗಳು ಜಗಳಕ್ಕೆ ಬರುತ್ತಾರೆ. ಬಿಗಿ ಪಂದ್ಯ ಗೆಲ್ಲುವುದು ಅದೃಷ್ಟ ಅಲ್ಲ, ಕೊನೆಯ ಇನ್ನಿಂಗ್‌ಗಳಲ್ಲಿ ಬರುವ ಪಿಚರ್‌ಗಳು (ಚೆಂಡೆಸೆಯುವವರು) ಚೆನ್ನಾಗಿದ್ದರು, ಅದಕ್ಕೇ ಗೆದ್ದೆವು ಅಂತ. ಪೂರ್ತಿ ಸುಳ್ಳಲ್ಲ, ಜೈಂಟ್ಸ್ ಬುಲ್‌ಪೆನ್, ಅಂದರೆ ಆ ಪಿಚರ್‌ಗಳ ದಂಡು, ಆ ವರ್ಷ ನಿಜಕ್ಕೂ ಚೆನ್ನಾಗಿತ್ತು. ಇನ್ನೊಂದು ಆಕ್ಷೇಪಣೆಯೂ ಇದೆ, ಸೋತು ಸುಣ್ಣವಾದ ತಂಡಗಳನ್ನು ಬಡಿದೂ ರನ್ ಅಂತರ ಬೆಳೆಸಿಕೊಳ್ಳಬಹುದು. ಅದೇ ಡಿವಿಷನ್‌ನಲ್ಲಿದ್ದ ಅರಿಜೋನಾ ಆ ವರ್ಷ 110 ಪಂದ್ಯ ಸೋತಿತ್ತು. ಆದರೆ ಆಗ ಡಿವಿಷನ್ ಒಳಗಿನ ಪ್ರತಿ ತಂಡದ ಜೊತೆ 19 ಪಂದ್ಯ ಇರುತ್ತಿತ್ತು, ಅರಿಜೋನಾವನ್ನು ಬಡಿಯುವ ಅವಕಾಶ ಇಬ್ಬರಿಗೂ ಅಷ್ಟೇ ಸಿಕ್ಕಿತ್ತು. ಆ ವಾದ ಇಲ್ಲಿ ನಡೆಯುವುದಿಲ್ಲ.

ನನಗೆ ಜಾಸ್ತಿ ತಲೆ ಕೆಡಿಸಿದ್ದು ಬೇರೆ ವಿಷಯ. ಜುಲೈ 30ಕ್ಕೆ ಡಾಡ್ಜರ್ಸ್ ವಾಷಿಂಗ್ಟನ್‌ನಿಂದ ಮ್ಯಾಕ್ಸ್ ಶೆರ್ಜರ್ ಮತ್ತು ಟ್ರೇ ಟರ್ನರ್ ಎಂಬ ಇಬ್ಬರು ಸ್ಟಾರ್ ಆಟಗಾರರನ್ನೂ ಋತುವಿನ ನಡುವೆಯೇ ಒಟ್ಟಿಗೆ ತಂದುಕೊಂಡರು. ಅದೇ ದಿನ ಜೈಂಟ್ಸ್ ಕ್ರಿಸ್ ಬ್ರಯಂಟ್‌ನನ್ನು ತಂದರು. ಹಾಗಾದರೆ ಏಪ್ರಿಲ್‌ನ ಡಾಡ್ಜರ್ಸ್ ಮತ್ತು ಸೆಪ್ಟೆಂಬರ್‌ನ ಡಾಡ್ಜರ್ಸ್ ಒಂದೇ ತಂಡವಾ? ಅಂಗಿ ಒಂದೇ, ಅಷ್ಟೇ. ಆಗಸ್ಟ್ ಆದಮೇಲೆ ಕೇಳಿದ್ದರೆ ನಾನಂತೂ ಡಾಡ್ಜರ್ಸ್ ಬಿಟ್ಟು ಬೇರೆ ಯಾವ ತಂಡವನ್ನೂ ಆರಿಸುತ್ತಿರಲಿಲ್ಲ. ಆದರೂ ಜೈಂಟ್ಸ್ ಬಗ್ಗಲಿಲ್ಲ ನೋಡಿ. ಅಕ್ಟೋಬರ್ 3ರ ಕೊನೆಯ ದಿನದವರೆಗೂ ಎಳೆದು, ಸ್ಯಾನ್ ಡಿಯೇಗೊ ಪಾಡ್ರೆಸ್ ಮೇಲೆ 11-4ರಿಂದ ಗೆದ್ದು ಪಟ್ಟ ಉಳಿಸಿಕೊಂಡರು.

106 ಗೆದ್ದ ಡಾಡ್ಜರ್ಸ್ ಪಾಡು ಏನಾಯಿತು? ಡಿವಿಷನ್ ಗೆಲ್ಲದವರಿಗೆ ಇರುವ ವೈಲ್ಡ್ ಕಾರ್ಡ್ ದಾರಿ, ಸೇಂಟ್ ಲೂಯಿಸ್ ಜೊತೆ ಒಂದೇ ಒಂದು ಪಂದ್ಯ, ಸೋತರೆ ಮನೆಗೆ. ಒಂಬತ್ತನೇ ಇನ್ನಿಂಗ್‌ನಲ್ಲಿ ಕ್ರಿಸ್ ಟೇಲರ್ ಹೋಮ್ ರನ್ ಹೊಡೆದು ಉಳಿಸಿದ. ಆಮೇಲೆ ಜೈಂಟ್ಸ್ ಜೊತೆ ಐದು ಪಂದ್ಯದ ಸರಣಿ, ಅದು 2-2 ಆಯಿತು. ಅಲ್ಲಿಗೆ ಎಲ್ಲ ಸೇರಿಸಿ ಎರಡೂ ತಂಡ 109 ಪಂದ್ಯ ಗೆದ್ದಿದ್ದವು. ಐದನೆಯದು ಅಕ್ಟೋಬರ್ 14ಕ್ಕೆ, ಸ್ಯಾನ್ ಫ್ರಾನ್ಸಿಸ್ಕೊದಲ್ಲೇ. ಒಂಬತ್ತನೇ ಇನ್ನಿಂಗ್‌ನಲ್ಲಿ ಡಾಡ್ಜರ್ಸ್ 2-1 ಮುಂದೆ, ಇಬ್ಬರು ಔಟ್, ಒಬ್ಬ ಬೇಸ್ ಮೇಲೆ. ಜೈಂಟ್ಸ್‌ನ ವಿಲ್ಮರ್ ಫ್ಲೋರೆಸ್ ಬ್ಯಾಟ್ ಎತ್ತಿದವನು ಅರ್ಧಕ್ಕೇ ತಡೆದ, ಅಥವಾ ತಡೆಯಲಿಲ್ಲ. ಅಂಪೈರ್ ಪ್ರಕಾರ ತಡೆಯಲಿಲ್ಲ. ಮೂರನೇ ಸ್ಟ್ರೈಕ್, ಅಂದರೆ ಅವನೂ ಔಟ್, ಋತು ಖಲಾಸ್. ಮನೆಯಲ್ಲಿ ಟಿವಿ ಮುಂದೆ ಹತ್ತು ನಿಮಿಷ ಯಾರೂ ಮಾತಾಡಲಿಲ್ಲ. ನನ್ನ ಪ್ರಕಾರ ಇವತ್ತಿಗೂ ತಡೆದಿದ್ದ.

ಇಬ್ಬರ ನಡುವಿನ ಲೆಕ್ಕ ತೆಗೆದರೆ ಋತುವಿನಲ್ಲಿ ಜೈಂಟ್ಸ್ 10-9, ಪ್ಲೇಆಫ್‌ನಲ್ಲಿ ಡಾಡ್ಜರ್ಸ್ 3-2, ಒಟ್ಟು 12-12. ಆದರೆ ಆ ಐದು ಪಂದ್ಯದಲ್ಲಿ ಡಾಡ್ಜರ್ಸ್ 18 ರನ್, ಜೈಂಟ್ಸ್ 10. ಮತ್ತೆ ಅದೇ ಕಥೆ, ಗೆಲುವು ಸಮಸಮ, ರನ್ ಅವರದು ಜಾಸ್ತಿ. ಇಷ್ಟೆಲ್ಲ ಆಗಿ ವರ್ಲ್ಡ್ ಸೀರೀಸ್ (ಕೊನೆಯ ಫೈನಲ್ ಸರಣಿ) ಗೆದ್ದಿದ್ದು ಅಟ್ಲಾಂಟಾ, ಬರೀ 88 ಗೆಲುವಿನ ತಂಡ!

ಈಗಿನ ಡಿವಿಷನ್‌ಗಳನ್ನು ಅಳೆಯುವುದಾದರೆ ಒಂದು ಬದಲಾವಣೆ ನೆನಪಿಡಿ. 2023ರಿಂದ ಡಿವಿಷನ್ ಒಳಗೆ ಪ್ರತಿ ತಂಡದ ಜೊತೆ 13 ಪಂದ್ಯ ಮಾತ್ರ, ಬೇರೆ ಡಿವಿಷನ್‌ಗಳ 25 ತಂಡಗಳ ಜೊತೆಯೂ ಆಡುತ್ತಾರೆ. ಹಾಗಾಗಿ ಪಟ್ಟಿಯ ರನ್ ಅಂತರ ಮೊದಲಿಗಿಂತ ನಂಬುವಂಥದ್ದು. ಜೂನ್ ಮುಗಿಯುವವರೆಗೆ ಅದನ್ನೂ ಜಾಸ್ತಿ ತಲೆಗೆ ಹಚ್ಚಿಕೊಳ್ಳಬೇಡಿ, ಒಂದೆರಡು 15-1 ಪಂದ್ಯ ಸಾಕು ಕೆಡಿಸಲು.